ಮೋಟರ್ ತಿರುಗುತ್ತದೆ, ಎನ್‌ಲಾರ್ಜರ್ ತಲೆ ಏಳುವುದಿಲ್ಲ

ಸರ್, ಡಾರ್ಕ್‌ರೂಮ್ ಎನ್‌ಲಾರ್ಜರ್‌ನಲ್ಲಿ (ಫಿಲ್ಮ್ ನೆಗೆಟಿವ್ ಅನ್ನು ದೊಡ್ಡದಾಗಿ ಪ್ರಿಂಟ್ ಮಾಡುವ ಯಂತ್ರ) ಮೋಟರ್ ತಿರುಗುವ ಸದ್ದು ಬರುತ್ತದೆ, ತಲೆ ಮಾತ್ರ ಮೇಲೇಳುವುದಿಲ್ಲ, ಪುಣೆಯಲ್ಲಿ ಹೊಸ ಮೋಟರ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಸುಮ್ನೆ ಮೋಟರ್‌ಗೆ ದುಡ್ಡು ಹಾಕಬೇಡಿ. ಅದು ತಿರುಗುತ್ತಿದೆ ಅಲ್ವಾ? ಹಾಗಾದರೆ ಅನುಮಾನ ಗೇರ್ ಮೇಲೆ. ನೈಲಾನ್ ಗೇರ್ ಶಾಫ್ಟಿಗೆ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಟಾರ್ಚ್ ಹಿಡಿದು ನೋಡಿ. ಬಿಚ್ಚುವ ಮೊದಲು ಪ್ಲಗ್ ಕೀಳಿ, ತಲೆಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ. ಗೇರಿನ ಹಿಡಿತ ತಪ್ಪಿ ತಲೆ ಸರ್ರನೆ ಜಾರಿದರೆ ಬೆರಳು ಜಜ್ಜಿಹೋಗುತ್ತದೆ.

ಬಿರುಕು ಕಂಡರೆ ಹೊಸ ಗೇರ್‌ಗೆ ಅಳತೆ ತೆಗೆಯಬೇಕು. ನೇರ ಹಲ್ಲಿನ ಗೇರ್ ಆದರೆ ಹಲ್ಲು ಎಣಿಸಿ 2 ಕೂಡಿಸಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಮಿ.ಮೀ.ಗಳಲ್ಲಿ ಅಳೆದ ಹೊರವ್ಯಾಸವನ್ನು ಅದರಿಂದ ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಸಿಗುತ್ತದೆ. 24 ಹಲ್ಲು, 26 ಮಿ.ಮೀ. ಇದ್ದರೆ ಮಾಡ್ಯೂಲ್ 1. ಅಮೆರಿಕದ ಯಂತ್ರದಲ್ಲಿ 0.79 ಬಂದರೆ ಅದು ಇಂಚಿನ ಲೆಕ್ಕದ 32 ಪಿಚ್ ಗೇರ್. ಅದಕ್ಕೆ ಬದಲಾಗಿ 0.8 ಮಾಡ್ಯೂಲ್ ಗೇರ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಪುಣೆಯ ಕೈಗಾರಿಕಾ ಪ್ರದೇಶ ಭೋಸರಿಯ ಗೇರ್ ಕಟಿಂಗ್ ಶಾಪ್‌ಗಳಲ್ಲಿ ಹಳೇ ಗೇರ್ ತೋರಿಸಿ, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡಿ ಅಂತ ಕೇಳಿ.