ರೈಲು ಕರಗಿದ್ರೂ ಎಂಸಿಬಿ ಯಾಕೆ ಬೀಳ್ಲಿಲ್ಲ?

ಪ್ರಶ್ನೆ: ಅಮೆರಿಕದಲ್ಲಿರೋ ನಮ್ಮಣ್ಣ ನನ್ನ ಮಗನಿಗೆ ಅಂತ ಎಚ್‌ಒ ಸ್ಕೇಲ್ (ನಿಜವಾದ ರೈಲಿನ 87ನೇ ಒಂದು ಭಾಗದಷ್ಟು ಅಳತೆಯ) ಆಟದ ರೈಲು ಸೆಟ್ ತಂದುಕೊಟ್ಟ. ಅಡಾಪ್ಟರ್ ಮೇಲೆ ಬರೀ 120 ವೋಲ್ಟ್ ಅಂತಿತ್ತು, ಅದಕ್ಕೆ ಅದನ್ನ ಬಿಟ್ಟು ಹಳೇ ಲ್ಯಾಪ್‌ಟಾಪ್ ಚಾರ್ಜರ್‌ಗೆ (19 ವೋಲ್ಟ್, 4.7 ಆಂಪ್) ಒಂದು ಸ್ಪೀಡ್ ಕಂಟ್ರೋಲ್ ಬೋರ್ಡ್ ಹಾಕಿ ಓಡಿಸ್ತಿದ್ದೆ. ಮೊನ್ನೆ ಇಂಜಿನ್ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ಮೇಲೆ ಹಳಿ ತಪ್ಪಿ ಓರೆಯಾಗಿ ನಿಂತುಬಿಡ್ತು, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ, ಚಕ್ರದ ಹತ್ರ ಪ್ಲಾಸ್ಟಿಕ್ ಕರಗಿದೆ. ಎಂಸಿಬಿ ಯಾಕೆ ಬೀಳ್ಲಿಲ್ಲ?
– ದಾವಣಗೆರೆಯ ಓದುಗರು

ಉತ್ತರ: 120 ವೋಲ್ಟ್ ಅಡಾಪ್ಟರ್ ಹಾಕದೇ ಇದ್ದದ್ದು ಒಳ್ಳೇದಾಯ್ತು, ನಮ್ಮ 230ಕ್ಕೆ ಹಾಕಿದ್ರೆ ಸುಟ್ಟುಹೋಗ್ತಿತ್ತು. ಆದ್ರೆ ಲ್ಯಾಪ್‌ಟಾಪ್ ಚಾರ್ಜರ್ ಈ ಕೆಲ್ಸಕ್ಕೆ ವಿಪರೀತ ದೊಡ್ಡದು ಸ್ವಾಮಿ.

ಲೆಕ್ಕ ನೋಡಿ. ಈ ರೈಲಿಗೆ ಕರೆಂಟ್ ಬರೋದೇ ಹಳಿಯಿಂದ, ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್, ಒಂದೇ ಲೋಹ ಎರಡಕ್ಕೂ ತಾಗಿದ್ರೆ ಶಾರ್ಟ್. ನಿಮ್ಮದು ಪೂರ್ತಿ ಶಾರ್ಟ್ ಅಲ್ಲ, ಅರ್ಧಂಬರ್ಧ ಶಾರ್ಟ್. ಚಕ್ರ ಎರಡೂ ಹಳಿಗೆ ತಾಗೀ ತಾಗದ ಹಾಗೆ ನಿಂತು 4 ಆಂಪ್ ಎಳೀತು ಅಂತಿಟ್ಕೊಳ್ಳಿ, ಚಾರ್ಜರ್ 4.7ರ ತನಕ ಆರಾಮಾಗಿ ಕೊಡತ್ತೆ, ಅದರ ಪ್ರಕಾರ ಏನೂ ತಪ್ಪಾಗಿಲ್ಲ. 19ನ್ನ 4ರಿಂದ ಗುಣಿಸಿದ್ರೆ 76 ವ್ಯಾಟ್. ಸೋಲ್ಡರಿಂಗ್ ಐರನ್ 25 ವ್ಯಾಟ್‌ದು, ಅಂದ್ರೆ ಮೂರು ಐರನ್ನಿನ ಶಾಖ ಆ ಪುಟ್ಟ ಚಕ್ರದ ಸುತ್ತಮುತ್ತ. ಅದೇ 76 ವ್ಯಾಟ್ 230 ವೋಲ್ಟ್ ಕಡೆಯಿಂದ ನೋಡಿದ್ರೆ ಅರ್ಧ ಆಂಪೂ ಇಲ್ಲ, ಎಂಸಿಬಿ ಕಣ್ಣಿಗೆ ಯಾರೋ ಸೀಲಿಂಗ್ ಫ್ಯಾನ್ ಹಾಕಿದ್ರು ಅಷ್ಟೇ. ಅದು 6 ಆಂಪ್‌ದಿದ್ರೂ ಬೀಳಲ್ಲ. ಇಎಲ್‌ಸಿಬಿನೂ ಬೀಳಲ್ಲ, ಯಾಕಂದ್ರೆ ಕರೆಂಟ್ ನೆಲಕ್ಕೆ ಲೀಕ್ ಆಗ್ತಿಲ್ಲ. ಅವೆರಡೂ ಮನೆ ವೈರಿಂಗ್, ಮನೆ ಜನ ಕಾಯೋಕೆ ಇರೋದು, ರೈಲು ಕಾಯೋಕಲ್ಲ.

ಎಚ್‌ಒ ಇಂಜಿನ್ ಸಾಮಾನ್ಯವಾಗಿ ಎಳಿಯೋದು ಅರ್ಧ ಆಂಪ್ ಒಳಗೆ. ಒಂದೇ ಇಂಜಿನ್ ಆದ್ರೆ ಬಿಐಎಸ್ ಮಾರ್ಕ್ ಇರೋ 12 ವೋಲ್ಟ್ 1 ಆಂಪ್ ಅಡಾಪ್ಟರ್ ಧಾರಾಳ ಸಾಕು. ಅದರ ಮೇಲೆ ನನಗೆ ಇಷ್ಟವಾದ ಉಪಾಯ ಒಂದಿದೆ, ಬೋರ್ಡಿಂದ ಹಳಿಗೆ ಹೋಗೋ ಎರಡು ವೈರ್‌ನಲ್ಲಿ ಒಂದನ್ನ ಕತ್ತರಿಸಿ ಮಧ್ಯೆ ಬೈಕ್ ಇಂಡಿಕೇಟರ್ ಬಲ್ಬ್, 12 ವೋಲ್ಟ್ 10 ವ್ಯಾಟ್‌ದು, ಸೀರೀಸಲ್ಲಿ ಹಾಕಿ. ರೈಲು ಓಡ್ತಿದ್ರೆ ಬಲ್ಬ್ ಹೆಚ್ಚೂಕಮ್ಮಿ ಕಪ್ಪಗೇ ಇರತ್ತೆ, ಸ್ಪೀಡ್ ಒಂಚೂರು ಕಮ್ಮಿ ಅನ್ನಿಸಬಹುದು. ಹಳೀಲಿ ಶಾರ್ಟ್ ಆಯ್ತೋ, ಬಲ್ಬ್ ಝಗ್ಗಂತ ಹತ್ತತ್ತೆ, ಕರೆಂಟ್ 0.8 ಆಂಪ್ ಆಸುಪಾಸಲ್ಲಿ ನಿಂತ್ಕೊಳತ್ತೆ, ಶಾಖ ಎಲ್ಲಾ ಚಕ್ರದ ಬದ್ಲು ಬಲ್ಬಿಗೆ ಹೋಗತ್ತೆ, ಪಕ್ಕದ ರೂಮಲ್ಲಿದ್ರೂ ಗೊತ್ತಾಗತ್ತೆ. ಬಲ್ಬ್ ಚೆನ್ನಾಗಿ ಕಾಯತ್ತೆ, ಥರ್ಮಾಕೋಲ್ ಗುಡ್ಡದ ಹತ್ರ ಮಾತ್ರ ಇಡಬೇಡಿ. ಬಲ್ಬ್ ಬದ್ಲು ಹಾಕೋಕೆ ಪಾಲಿಫ್ಯೂಸ್ ಅಂತಾನೂ ಸಿಗತ್ತೆ, ತಾನಾಗೇ ರಿಸೆಟ್ ಆಗೋ ಫ್ಯೂಸ್, ಆದ್ರೆ ಅದರ ಮೇಲೆ ಬರೆದಿರೋ ಆಂಪ್‌ನ ಸುಮಾರು ಎರಡರಷ್ಟು ಹರಿದ್ರೇನೇ ಟ್ರಿಪ್ ಆಗೋದು, ಅದೂ ನಿಧಾನಕ್ಕೆ.

ಇಷ್ಟು ಮಾಡಿದ್ಮೇಲೆ ಒಂದು ರೂಪಾಯಿ ನಾಣ್ಯ ತಗೊಂಡು ಎರಡು ಹಳಿಗೂ ತಾಗೋ ಹಾಗೆ ಒಂದೆರಡು ಸೆಕೆಂಡ್ ಇಡಿ, ಲೇಔಟ್ ಪೂರ್ತಿ, ಅಡಿಗೊಂದು ಸಲ. ಎಲ್ಲಾ ಕಡೆ ಬಲ್ಬ್ ಒಂದೇ ಥರ ಹತ್ತಬೇಕು. ಎಲ್ಲಾದ್ರೂ ಮಂಕಾಯ್ತು ಅಂದ್ರೆ ಅಲ್ಲಿ ಹಳಿ ಜಾಯಿಂಟ್ ಸಡಿಲ, ಅಥ್ವಾ ವೈರ್ ತೀರಾ ಸಣ್ಣದು. ಅಲ್ಲಿಗೆ ಬೇರೆ ವೈರ್ ಎಳೆದು ಹಳಿಗೆ ಸೋಲ್ಡರ್ ಮಾಡಿ.

ಪ್ರಶ್ನೆ: ಹಳೇ ಎಸಿ ಟ್ರಾನ್ಸ್‌ಫಾರ್ಮರ್ ಎರಡಿವೆ, ಔಟ್‌ಪುಟ್ ಸೇರಿಸಿ ಆಂಪ್ ಜಾಸ್ತಿ ಮಾಡ್ಕೋಬಹುದಾ?

ಉತ್ತರ: ಬೇಡವೇ ಬೇಡ. ಒಂದರ ಪ್ಲಗ್ ಕಿತ್ತಿಟ್ರಿ ಅನ್ನಿ, ಇನ್ನೊಂದರ 16 ವೋಲ್ಟ್ ಇದರ ಔಟ್‌ಪುಟ್ ಒಳಗೆ ಹೊಕ್ಕು ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲ್ಸ ಮಾಡತ್ತೆ, ಕೈಯಲ್ಲಿ ಹಿಡಿದಿರೋ ಪ್ಲಗ್ಗಿನ ಪಿನ್ನಲ್ಲಿ ಹತ್ತಿರತ್ರ 230 ವೋಲ್ಟ್ ಬಂದು ಕೂತಿರತ್ತೆ.