ಗ್ರಂಥಾಲಯದ ಪಾಸ್‌ವರ್ಡ್ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ

ಪ್ರಶ್ನೆ: ಗದಗ ಜಿಲ್ಲೆಯ ಅನುದಾನಿತ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೇನೆ. ಪ್ರಕಾಶಕರೊಬ್ಬರ ಇ-ಜರ್ನಲ್‌ಗಳಿಗೆ ಕಾಲೇಜಿನ ಹೆಸರಲ್ಲಿ ಒಂದೇ ಯೂಸರ್ ಐಡಿ, ಪಾಸ್‌ವರ್ಡ್ ಇತ್ತು. ಯಾರೋ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ವಾರದೊಳಗೆ ‘ಮಿತಿಮೀರಿದ ಡೌನ್‌ಲೋಡ್’ ಎಂದು ಖಾತೆಯನ್ನೇ ನಿಲ್ಲಿಸಿದ್ದಾರೆ. ಮುಂದೇನು ಮಾಡಲಿ?

ಉತ್ತರ: ಪ್ರಕಾಶಕರ ಸಹಾಯ ವಿಭಾಗಕ್ಕೆ ಇಂದೇ ಮೇಲ್ ಬರೆದು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಡೌನ್‌ಲೋಡ್ ಆಯಿತೆಂಬ ವಿವರ ಕೇಳಿ. ಅವರು ಕೊಡುವ ಸಮಯ ಬಹಳ ಸಲ ಜಿಎಂಟಿಯಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ ಇರುತ್ತದೆ. ಅದಕ್ಕೆ ಐದೂವರೆ ತಾಸು ಕೂಡಿಸಿ. ಇಲ್ಲವಾದರೆ ರಾತ್ರಿ 9ಕ್ಕೆ ಹೊರಗೆಲ್ಲೋ ನಡೆದದ್ದನ್ನು, ಮಧ್ಯಾಹ್ನ 3.30ಕ್ಕೆ ಲ್ಯಾಬ್‌ನಲ್ಲಿ ಕೂತಿದ್ದ ಹುಡುಗರ ತಲೆಗೆ ಕಟ್ಟಿಬಿಡುತ್ತೀರಿ. ಎಲ್ಲ ಸಲವೂ ಕಳ್ಳತನವೇ ಆಗಿರುತ್ತದೆ ಎಂದೇನಿಲ್ಲ. ಉಲ್ಲೇಖ ಜೋಡಿಸುವ ತಂತ್ರಾಂಶದಲ್ಲಿ ನೂರಾರು ಲೇಖನ ಆರಿಸಿ ‘ಪಿಡಿಎಫ್ ಹುಡುಕು’ ಒತ್ತಿದರೂ ಪ್ರಕಾಶಕರ ಯಂತ್ರಕ್ಕೆ ಅದು ಲೂಟಿಯಂತೆಯೇ ಕಾಣುತ್ತದೆ.

ಖಾತೆ ಮರಳಿ ತೆರೆದ ಮೇಲೆ ಅದೇ ಸಾಮೂಹಿಕ ಐಡಿಯ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಹೊಸದೂ ತಿಂಗಳೊಳಗೆ ಅದೇ ಗುಂಪಿಗೆ ಬರುತ್ತದೆ. ಒಬ್ಬರಿಗೆ ಒಂದು ಐಡಿ ಇದ್ದರೆ ತಪ್ಪು ಮಾಡಿದವರೊಬ್ಬರ ಖಾತೆ ಮಾತ್ರ ನಿಲ್ಲುತ್ತದೆ, ಉಳಿದವರ ಓದು ನಡೆದಿರುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಇ-ಜರ್ನಲ್, ಇ-ಪುಸ್ತಕಗಳ ಯೋಜನೆ ಎನ್-ಲಿಸ್ಟ್ ಈ ಬಗೆಯದು. ಪ್ರತಿ ಸದಸ್ಯರಿಗೂ ಬೇರೆ ಖಾತೆ, ಪಟ್ಟಿಯ ಹೊಣೆ ಕಾಲೇಜಿನದು. ನಿಮ್ಮ ಪ್ರಕಾಶಕರಲ್ಲೂ ವೈಯಕ್ತಿಕ ಲಾಗಿನ್ ಕೇಳಿ.

ಕೆಲಸ ಕೆಡುವುದು ಹೆಚ್ಚಾಗಿ ಈ ಪಟ್ಟಿಯಲ್ಲೇ. ಪ್ರವೇಶ ವಿಭಾಗದವರು ಕೊಟ್ಟ ಎಕ್ಸೆಲ್ ಫೈಲನ್ನು ಹಾಗೆಯೇ ಏರಿಸಬೇಡಿ. ರಿಜಿಸ್ಟರ್ ನಂಬರ್ ಬರೀ ಅಂಕಿಗಳಾಗಿದ್ದು ಸೊನ್ನೆಯಿಂದ ಶುರುವಾದರೆ ಎಕ್ಸೆಲ್ ಆ ಸೊನ್ನೆ ನುಂಗುತ್ತದೆ; ಉದ್ದದ ಸಂಖ್ಯೆಯನ್ನು 9.88ಇ+11 ಎಂದು ಮುದುಡಿಸುತ್ತದೆ. ಅಂಕಿ ತುಂಬುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಕೊಳ್ಳಿ. ಇ-ಮೇಲ್ ಕೊನೆಯಲ್ಲಿ ಕಣ್ಣಿಗೆ ಬೀಳದ ಖಾಲಿ ಜಾಗ ಉಳಿದಿರುತ್ತದೆ; ಟ್ರಿಮ್ ಸೂತ್ರದಿಂದ ತೆಗೆಯಿರಿ. ಜಿಮೇಲ್ ಎಂಬುದರ ಸ್ಪೆಲ್ಲಿಂಗ್ ತಪ್ಪಿದ್ದು, ಇಬ್ಬರಿಗೆ ಸೈಬರ್ ಕೆಫೆಯ ಒಂದೇ ಮೇಲ್ ಇದ್ದದ್ದು, ಎರಡೂ ಸಾಮಾನ್ಯ. ‘ಪಾಸ್‌ವರ್ಡ್ ಬಂದಿಲ್ಲ ಮೇಡಂ’ ಎನ್ನುವವರಿಗೆ ಮೊದಲು ಸ್ಪ್ಯಾಮ್ ಫೋಲ್ಡರ್ ತೋರಿಸಿ.

ಖಾತೆ ಕೊಡುವಾಗಲೇ ಅದರ ಕೊನೆಯ ದಿನಾಂಕವನ್ನೂ ಬರೆದಿಡಿ. ವಿದ್ಯಾರ್ಥಿಯದು ನೋ ಡ್ಯೂಸ್‌ಗೆ ಸಹಿ ಹಾಕುವ ದಿನ ಮುಗಿಯಲಿ: ಪುಸ್ತಕ ಮರಳಿತೇ, ಖಾತೆ ಮುಚ್ಚಿತೇ ಎರಡನ್ನೂ ನೋಡಿಯೇ ಸಹಿ. ಅತಿಥಿ ಉಪನ್ಯಾಸಕರದು ಅವರ ನೇಮಕಾತಿಯ ಅವಧಿ ಮುಗಿದ ದಿನಕ್ಕೆ. ಇವರ ಖಾತೆಗಳೇ ವರ್ಷಗಟ್ಟಲೆ ತೆರೆದೇ ಉಳಿಯುವುದು, ಏಕೆಂದರೆ ಇವರು ಬಿಟ್ಟುಹೋದದ್ದನ್ನು ಗ್ರಂಥಾಲಯಕ್ಕೆ ಯಾರೂ ತಿಳಿಸುವುದಿಲ್ಲ. ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ ಕೋಹಾ ಬಳಸುತ್ತಿದ್ದರೆ ಸದಸ್ಯತ್ವ ಮುಗಿಯುವ ದಿನಾಂಕ ಅಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಆ ವರದಿ ತೆಗೆದು ಎನ್-ಲಿಸ್ಟ್ ಪಟ್ಟಿಗೆ ತಾಳೆ ಹಾಕಿ. ಯಾರ ಪಾಸ್‌ವರ್ಡನ್ನೂ ರಿಜಿಸ್ಟರ್‌ನಲ್ಲಿ ಬರೆದಿಡಬೇಡಿ. ಮರೆತವರು ರೀಸೆಟ್ ಮಾಡಿಕೊಳ್ಳಲಿ.

ಪ್ರಶ್ನೆ: ಹಾವೇರಿಯ ನಮ್ಮ ಕಾಲೇಜಿಗೆ ಇ-ಜರ್ನಲ್‌ಗಳ ಐಪಿ ಆಧಾರಿತ ಸೌಲಭ್ಯವಿದೆ; ಕಾಲೇಜಿನ ಐಪಿಯಿಂದ ಹೋದರೆ ಸಾಕು, ಪಾಸ್‌ವರ್ಡ್ ಬೇಕಿಲ್ಲ. ಆದರೂ ವಿದ್ಯಾರ್ಥಿಗಳು ‘ನಿನ್ನೆ ತೆರೀತಿತ್ರೀ ಸರ್, ಇವತ್ತ ರೊಕ್ಕ ಕೇಳಾಕತ್ತೈತಿ’ ಅಂತಾರೆ.

ಉತ್ತರ: ಮೊದಲು ಅವರ ಮೊಬೈಲ್ ನೋಡಿ. ವೈ-ಫೈ ನಿಧಾನವೆಂದು ಡೇಟಾ ಹಚ್ಚಿಕೊಂಡಿದ್ದರೆ ಕ್ಯಾಂಪಸ್ಸಿನೊಳಗೆ ಕೂತಿದ್ದರೂ ಪ್ರಕಾಶಕರ ಲೆಕ್ಕದಲ್ಲಿ ಅವರು ಹೊರಗಿನವರು. ಅದಲ್ಲವಾದರೆ ಕಾಲೇಜಿನ ವೈ-ಫೈಯಿಂದಲೇ ಗೂಗಲ್‌ನಲ್ಲಿ ‘ನನ್ನ ಐಪಿ ಏನು’ ಎಂದು ಹುಡುಕಿ, ಬಂದ ಸಂಖ್ಯೆಯನ್ನು ಪ್ರಕಾಶಕರಿಗೆ ಕೊಟ್ಟದ್ದರ ಜೊತೆ ಹೋಲಿಸಿ. 192.168 ಅಥವಾ 10ರಿಂದ ಶುರುವಾಗುವ ಸಂಖ್ಯೆ ಕೊಟ್ಟಿದ್ದರೆ ಅದು ನಿಮ್ಮ ಒಳಜಾಲದ್ದು, ಪ್ರಯೋಜನಕ್ಕೆ ಬಾರದು. ದಿನ ಬಿಟ್ಟು ದಿನ ಕೈಕೊಡುತ್ತಿದ್ದರೆ ಕಾರಣ ಸಾಮಾನ್ಯವಾಗಿ ಈ ಮೂರರಲ್ಲೊಂದು: ಬ್ರಾಡ್‌ಬ್ಯಾಂಡ್‌ಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಇಲ್ಲದೆ ವಿಳಾಸ ಬದಲಾಗುತ್ತಿದೆ, ಎರಡು ಕಂಪನಿಗಳ ಲೈನ್ ಇದ್ದು ಒಂದರ ಐಪಿ ಮಾತ್ರ ನೋಂದಣಿಯಾಗಿದೆ, ಅಥವಾ ಲೈನ್ ಹೊಸದಾಗಿ ಐಪಿವಿ6 ಎಂಬ ಹೊಸ ಬಗೆಯ ವಿಳಾಸಕ್ಕೆ ಹೋಗಿದೆ, ಪ್ರಕಾಶಕರ ಬಳಿ ಹಳೆಯ ಐಪಿವಿ4 ಸಂಖ್ಯೆಯಷ್ಟೇ ಇದೆ. ಮೂರನೆಯದು ಸುಲಭಕ್ಕೆ ಹೊಳೆಯುವುದಿಲ್ಲ.

ರೌಟರ್‌ನ ವ್ಯಾನ್ ವಿಳಾಸ (ಹೊರಗಿನ ಲೈನ್ ಕಡೆಯ ಐಪಿ) 100.64ರಿಂದ 100.127ರ ನಡುವಿದ್ದರೆ ಒಂದೇ ಹೊರವಿಳಾಸವನ್ನು ನೀವೂ ಬೇರೆ ಗಿರಾಕಿಗಳೂ ಹಂಚಿಕೊಂಡಿದ್ದೀರಿ ಎಂದರ್ಥ. ಅದನ್ನು ನೋಂದಾಯಿಸಬೇಡಿ, ಊರಿನ ಅಂಗಡಿ, ಮನೆಗಳಿಗೂ ನಿಮ್ಮ ಜರ್ನಲ್ ತೆರೆದುಕೊಂಡಾವು. ಸ್ಟ್ಯಾಟಿಕ್ ಐಪಿಗೆ ದುಡ್ಡು ಕೊಡಲೇಬೇಕು.

ಮನೆಯಿಂದ ಓದಲು ಈಜಿಪ್ರಾಕ್ಸಿಯಂಥ ಪ್ರಾಕ್ಸಿ (ಹೊರಗಿದ್ದವರನ್ನು ಕಾಲೇಜಿನ ಐಪಿಯ ಮೂಲಕವೇ ಕಳಿಸುವ ತಂತ್ರಾಂಶ) ಹಾಕಿಸಿದರೆ ಒಂದು ಮಾತು: ಸದಸ್ಯರು ಗ್ರಂಥಾಲಯದ ಪುಟದಲ್ಲಿರುವ ಲಿಂಕ್‌ನಿಂದಲೇ ಹೋಗಬೇಕು. ಗೂಗಲ್‌ನಿಂದ ನೇರ ಹೋದವರಿಗೆ ಹಣದ ಪುಟವೇ ಎದುರಾಗುತ್ತದೆ. ಲೇಖನದ ಪುಟ ತೆರೆದು ಪಿಡಿಎಫ್ ಮಾತ್ರ ಬಾರದಿದ್ದರೆ, ಪಿಡಿಎಫ್ ಇರುವ ಸರ್ವರ್‌ನ ಹೆಸರು ಪ್ರಾಕ್ಸಿಯ ಪಟ್ಟಿಯಲ್ಲಿ ಬಿಟ್ಟುಹೋಗಿದೆಯೇ ನೋಡಿ.

ಪ್ರಶ್ನೆ: ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಲಾಗಿನ್ ಕೇಳುತ್ತಾರೆ. ಕೊಡಬಹುದೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಒಪ್ಪಂದದಲ್ಲಿ ‘ಅಧಿಕೃತ ಬಳಕೆದಾರರು’ ಎಂಬ ಕಲಮು ಓದಿ. ಹಳೆಯ ವಿದ್ಯಾರ್ಥಿಗಳ ಹೆಸರಿಲ್ಲದಿದ್ದರೆ ಅವರು ಅದರಲ್ಲಿ ಬರುವುದಿಲ್ಲ. ಗ್ರಂಥಾಲಯಕ್ಕೇ ಬಂದು ಓದುವವರಿಗೆ ಕೆಲ ಪ್ರಕಾಶಕರು ಅನುಮತಿ ಕೊಡುತ್ತಾರೆ. ಆ ಸಾಲು ಇದ್ದರೆ ಗ್ರಂಥಾಲಯದ ಒಂದು ಕಂಪ್ಯೂಟರ್ ಅವರಿಗೆ ಮೀಸಲಿಡಿ, ಪಾಸ್‌ವರ್ಡ್ ಮಾತ್ರ ಕೈಗೆ ಕೊಡಬೇಡಿ.