ಕೆಲಸ ಒಗ್ಗುತ್ತಿಲ್ಲವೋ, ಕೂರುವ ಜಾಗ ಒಗ್ಗುತ್ತಿಲ್ಲವೋ?

ಮೂರು ವರ್ಷಗಳಲ್ಲಿ ಎರಡು ನೌಕರಿ ಬಿಟ್ಟಿದ್ದೀರಿ, ರಾತ್ರಿ ಹತ್ತರ ನಂತರವಷ್ಟೇ ಕೆಲಸ ಕೈಗೆ ಹತ್ತುತ್ತದೆ, ನಿಮಗೆ ಹೊಂದುವ ವಾತಾವರಣ ಯಾವುದೆಂದು ಕಂಡುಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನಾನು ಲೆಕ್ಕಪತ್ರ ಬರೆಯುವವನು. ಇದೇ ಪ್ರಶ್ನೆ ನನ್ನನ್ನು ನಾಲ್ಕು ವರ್ಷ ಕಾಡಿದ್ದರಿಂದ ನಾನು ಕಂಡುಕೊಂಡ ಬಗೆಯನ್ನೇ ಬರೆಯುತ್ತೇನೆ.

ಬೆಳಗಾವಿಯ ಒಂದು ಲೆಕ್ಕಪರಿಶೋಧನಾ ಕಚೇರಿಯಲ್ಲಿ ಎಂಟು ಜನ ಒಂದೇ ಹಾಲಿನಲ್ಲಿ ಕೂರುತ್ತಿದ್ದೆವು. ಅಲ್ಲಿ ನನ್ನಿಂದ ಮತ್ತೆ ಮತ್ತೆ ಆಗುತ್ತಿದ್ದ ತಪ್ಪು ಒಂದೇ: 5,680 ಇದ್ದಲ್ಲಿ 5,860 ಎಂದು ಬರೆಯುವುದು. ಅಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಹಾಗಾಗಿ ಬ್ಯಾಂಕ್ ಲೆಕ್ಕದೊಂದಿಗೆ ತಾಳೆಯಾಗದೆ 180 ರೂಪಾಯಿ ಉಳಿಯಿತೆಂದರೆ ಹಿರಿಯರು ನೇರವಾಗಿ ನನ್ನ ಮೇಜಿಗೇ ಬರುತ್ತಿದ್ದರು. ಈ ವೃತ್ತಿಗೆ ನಾನು ತಕ್ಕವನಲ್ಲವೆಂದೇ ನಂಬಿಬಿಟ್ಟಿದ್ದೆ.

ರಾಜೀನಾಮೆ ಕೊಡುವ ಮೊದಲು ಎರಡು ತಿಂಗಳು ಒಂದು ಕೆಲಸ ಮಾಡಿದೆ. ಪ್ರತಿಯೊಂದು ವೋಚರ್ ಕಟ್ಟಿನ ಮೇಲೆ ಪೆನ್ಸಿಲಿನಿಂದ ಸಮಯವನ್ನೂ, ಆಗ ಸುತ್ತಲೂ ಏನು ನಡೆದಿತ್ತೆಂಬುದನ್ನೂ ಬರೆದಿಟ್ಟೆ. ತಪ್ಪು ಸಿಕ್ಕಾಗ ಆ ಕಟ್ಟನ್ನು ತೆಗೆದು ನೋಡಿದೆ. ತಪ್ಪುಗಳಲ್ಲಿ ಹೆಚ್ಚಿನವು ಆಗಿದ್ದದ್ದು ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದಾಗ. ಬೆಳಗಾವಿಯಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ, ಮರಾಠಿಯೂ ಬೀಳುತ್ತದೆ. ನನಗೆ ಎರಡೂ ಅರ್ಥವಾಗುತ್ತವೆ. ಅದೇ ನಾನು ಉದ್ಯಮಬಾಗದ ಒಂದು ಕಾರ್ಖಾನೆಯ ಲೆಕ್ಕ ನೋಡಲು ಹೋಗಿ, ಲೇತ್ ಯಂತ್ರಗಳ ಪಕ್ಕದ ಸಣ್ಣ ಕೋಣೆಯಲ್ಲಿ ಕುಳಿತ ದಿನಗಳಲ್ಲಿ ಒಂದು ಅಂಕಿಯೂ ತಿರುಗಿರಲಿಲ್ಲ. ನನಗೆ ಬೇಕಾದದ್ದು ಮೌನವೆಂದುಕೊಂಡಿದ್ದೆ, ಆದರೆ ನನ್ನನ್ನು ಕೆಡಿಸುತ್ತಿದ್ದದ್ದು ಸದ್ದಲ್ಲ, ಮಾತು. ಸಾಹಿತ್ಯವಿರುವ ಹಾಡು ಕೇಳಿದರೂ ಅದೇ ಪರಿಣಾಮ.

ಆದುದರಿಂದ ನನ್ನ ಮೊದಲ ವಿನಂತಿಯೆಂದರೆ, ಮನಸ್ಸಿಗೆ ಹೇಗೆನಿಸಿತು ಎಂಬುದನ್ನಲ್ಲ, ಕೆಲಸ ಹೇಗಾಯಿತು ಎಂಬುದನ್ನು ಬರೆದಿಡಿ. ಬೇಸರದ ದಿನವೂ ಕೆಲಸ ಚೊಕ್ಕವಾಗಿ ಆಗಿರಬಹುದು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ, ನಿಮ್ಮ ಕೆಲಸದ ಒಂದು ಪೂರ್ತಿ ಸುತ್ತು ಮುಗಿಯುವವರೆಗೆ ನೋಡಿ. ನನ್ನ ಸುತ್ತು ಒಂದು ತಿಂಗಳು, ಏಕೆಂದರೆ ಜಿಎಸ್‌ಟಿ ವಿವರಗಳಿಗೆ 11 ಮತ್ತು 20ನೇ ತಾರೀಖಿನ ಗಡುವುಗಳಿವೆ. 5ರಂದು ಕೂರುವ ನಾನೇ ಬೇರೆ, 19ರಂದು ಕೂರುವ ನಾನೇ ಬೇರೆ.

ಆಮೇಲೆ ನೌಕರಿ ಬಿಟ್ಟು ಗುಳೇದಗುಡ್ಡಕ್ಕೆ ಮರಳಿ, ಮನೆಯಲ್ಲಿ ಒಬ್ಬನೇ ಕುಳಿತು ಕೆಲಸ ಮಾಡಿದೆ. ತಪ್ಪುಗಳು ನಿಂತವು, ಆದರೆ ಕೆಲಸವೂ ನಿಂತಿತು. ಸಂಜೆಯೊಳಗೆ ಕೇಳುವವರು ಯಾರಾದರೂ ಇರಬೇಕೆಂಬುದು ನನ್ನ ಎರಡನೆಯ ಅಗತ್ಯವೆಂದು ಆಗ ತಿಳಿಯಿತು. ಈಗ ಕಾಕಾನ ಮನೆಯ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಗೋಡೆಯಾಚೆ ಖಣ ನೇಯುವ ಮಗ್ಗದ ಲಟಪಟ ಸದ್ದು; ನಾಲ್ಕು ಗಂಟೆಗೆ ವ್ಯಾಪಾರಸ್ಥರು ಲೆಕ್ಕ ಕೇಳಲು ಬರುತ್ತಾರೆ. ಬೇಸಿಗೆಯಲ್ಲಿ ಕಾಕಾ ನಸುಕಿನ ಐದಕ್ಕೇ ಮಗ್ಗಕ್ಕೆ ಇಳಿದು ಹನ್ನೊಂದಕ್ಕೆ ಎದ್ದುಬಿಡುತ್ತಾರೆ, ಏಕೆಂದರೆ ಗಾಳಿ ಒಣಗಿದಂತೆ ಎಳೆ ಹರಿಯುವುದು ಹೆಚ್ಚುತ್ತದೆ. ಎಳೆಯನ್ನು ಅವರು ಬೈಯುವುದಿಲ್ಲ, ಹೊತ್ತನ್ನು ಬದಲಿಸುತ್ತಾರೆ. ಅವರನ್ನು ನೋಡಿಯೇ ನಾನೂ ಕಠಿಣ ಲೆಕ್ಕಗಳನ್ನು ಬೆಳಗಿಗೆ ತಂದುಕೊಂಡೆ.

ಎಲ್ಲವೂ ಜಾಗದಿಂದ ಸರಿಹೋಗುವುದಿಲ್ಲ. ಸುಳ್ಳು ಬಿಲ್ಲು ಬರೆಯಲು ಹೇಳುವ ಮಾಲೀಕರ ಬಳಿ ಎಷ್ಟು ಒಳ್ಳೆಯ ಕೋಣೆ ಕೊಟ್ಟರೂ ನಿಲ್ಲಬೇಡಿ. ಉಳಿದಂತೆ, ಗೋಡೆಯತ್ತ ಮುಖವಿರುವ ಮೂಲೆಯ ಮೇಜು, ಬೆಳಗಿನ ಒಂದೆರಡು ಗಂಟೆಯ ಬಿಡುವು, ಇಂಥ ಸಣ್ಣ ಅನುಕೂಲವನ್ನು ಬಾಯಿಬಿಟ್ಟು ಕೇಳಿ ನೋಡಿದ ಮೇಲೆಯೇ ರಾಜೀನಾಮೆಯ ಮಾತು ತೆಗೆಯಿರಿ. ನಾನು ಕೇಳಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ನಿಮಗೆ ರಾತ್ರಿಯೇ ಹೊಂದುತ್ತದೆಯೋ, ಇಲ್ಲವೇ ರಾತ್ರಿ ಯಾರೂ ಫೋನ್ ಮಾಡುವುದಿಲ್ಲ ಎಂಬುದು ಹೊಂದುತ್ತದೆಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಮುಂದಿನ ಎರಡು ವಾರ ಫೋನನ್ನು ಬೇರೆ ಕೋಣೆಯಲ್ಲಿಟ್ಟು ನಸುಕಿನ ಐದರಿಂದ ಎಂಟರವರೆಗೆ ಕುಳಿತು ನೋಡಿ.